ಕೆಂಪು ಹಿಡಿಯದ ಗುಂಡಿ

ಗಾಳಿಯಂತ್ರದ ಬಾವಿ ದಾಟಿ ನಾನೂ ನನ್ನ ದೊಡ್ಡಪ್ಪನ ಮಗ ಡ್ವೇನೂ ಮನೆಗೆ ಬರುತ್ತಿದ್ದೆವು. ಸರಿರಾತ್ರಿ. ಒಂದೆಲೆ ಅಲ್ಲಾಡುತ್ತಿರಲಿಲ್ಲ. ಆದರೂ ಚಕ್ರ ತಿರುಗುತ್ತಿತ್ತು... ಕೀಂಚ್... ಕೀಂಚ್...

ನೆಬ್ರಾಸ್ಕಾದ ನಮ್ಮೂರಲ್ಲಿ ಕತ್ತಲಿಗೆ ಹೆದರದವನು ಅಂದರೆ ನಾನೊಬ್ಬನೇ. ಡ್ವೇನ್ ಮಾತ್ರ ನನ್ನ ತೋಳು ಬಿಡಲಿಲ್ಲ.

"ಲೇ ಕ್ಲಿಂಟ್... ನಾಳೇನೂ ಬಣ್ಣ ಎದ್ದಿದ್ರೆ?"

"ಈ ಸಲ ಹೊಡೆದವನು ನಾನು ಕಣಣ್ಣ. ಹೆಂಗೆ ಏಳುತ್ತೆ, ನೋಡೇಬಿಡ್ತೀನಿ."

ವಿಷಯ ಇಷ್ಟು. ನಮ್ಮೂರ ಬೆಂಕಿಪಡೆಯ ಶೆಡ್ಡಿನಲ್ಲಿ ಒಂದು ಹಳೇ ಸೋಡಾ ಯಂತ್ರವಿದೆ. ಆರು ಪ್ಲಾಸ್ಟಿಕ್ ಗುಂಡಿ, ರುಚಿಗೊಂದು ಬಣ್ಣ. ಕಾಸು ಹಾಕಿ ಒಂದನ್ನು ಒತ್ತಿದರೆ ಬಾಟಲಿ ಬೀಳುತ್ತದೆ. ಬೆಂಕಿ ಆರಿಸಿ ಬಂದವರೆಲ್ಲ ಒಂದೊಂದು ಸೋಡಾ ಕುಡಿದು, ಖಾಲಿ ಬಾಟಲಿಯನ್ನು ಮರದ ಪೆಟ್ಟಿಗೆಯಲ್ಲಿ ತಲೆಕೆಳಗಾಗಿ ನಿಲ್ಲಿಸಬೇಕು. ಏಳು ಜನ ಹೋಗಿದ್ದರೆ ಏಳು ಬಾಟಲಿ. ನಾಯಕ ಎಣಿಸಿದ ಮೇಲೇ ಬಾಗಿಲು ಹಾಕುವುದು.

ನಲವತ್ತು ವರ್ಷದ ಹಿಂದೆ ಜೋಳದ ಉಗ್ರಾಣ ಹೊತ್ತಿ ಉರಿದ ರಾತ್ರಿ ಹೋದವರು ಏಳು ಜನ. ಆಗ ನಾಯಕನಾಗಿದ್ದ ಡ್ವೇನನ ಅಪ್ಪ ಏಳು ಬಾಟಲಿ ಎಣಿಸಿ ಬಾಗಿಲು ಹಾಕಿದ. ಯಾರೋ ಬಾಯಾರಿ ಎರಡು ಕುಡಿದಿದ್ದರು. ಲ್ಯಾಡ್ ಹ್ರೂಸ್ಕಾ ಇನ್ನೂ ಉಗ್ರಾಣದೊಳಗೇ ಇದ್ದ.

ಲ್ಯಾಡ್ ಒತ್ತುತ್ತಿದ್ದುದು ನೇರಳೆ ಗುಂಡಿ. ದ್ರಾಕ್ಷಿ ಸೋಡಾ. ಆಮೇಲೆ ಅದನ್ನು ಯಾರೂ ಒತ್ತಿಲ್ಲ. ಅವನ ಹೆಂಡತಿ ಲಿಬ್ಬಜ್ಜಿ ಶೆಡ್ಡಿಗೆ ಕಾಲಿಟ್ಟಿಲ್ಲ, ನಮ್ಮ ಮನೆಯವರ ಮುಖ ನೋಡಿಲ್ಲ. ಈಗ ನಾಯಕನಾಗಿರುವ ಡ್ವೇನ್ ಮೂರು ವರ್ಷ ಅವಳ ಬಾಗಿಲಿಗೆ ಅಲೆದ. ಅಪ್ಪನ ತಪ್ಪು ಅವನ ಎದೆ ಮೇಲೆ ಕೂತಿತ್ತು. ಕೊನೆಗೆ, ಶೆಡ್ಡಿಗೆ ನೂರು ವರ್ಷ ತುಂಬುವ ಶನಿವಾರ ಒಂದೇ ಒಂದು ಸಲ ಬರುತ್ತೇನೆ ಅಂದಳು.

ಅದಕ್ಕೇ ಇವನು ಯಂತ್ರ ಹೊಸದು ಮಾಡಲು ಕೂತ. ಮಾಸಿದ ಗುಂಡಿಗಳನ್ನು ಸೋಪಿನಲ್ಲಿ ತೊಳೆದು, ನೀರು ಹಾಕಿ ಉಪ್ಪುಕಾಗದದಲ್ಲಿ ಉಜ್ಜಿ, ಪ್ರೈಮರ್ ಹೊಡೆದು, ಮೇಲೆ ತೆಳ್ಳಗೆ ಮೂರು ಕೋಟು. ಆರೂ ಕೆಂಪು. ನೇರಳೆಯದೂ ಕೆಂಪು... ಅಜ್ಜಿಯ ಕಣ್ಣಿಗೆ ಅದು ಬೀಳದಿರಲಿ ಅಂತ.

ಬೆಳಿಗ್ಗೆ ಐದು ಗುಂಡಿ ಕನ್ನಡಿ ಹಾಗೆ ಹೊಳೆಯುತ್ತಿದ್ದವು. ಆರನೆಯದರಲ್ಲಿ ಹೆಬ್ಬೆರಳಗಲ ಬಣ್ಣ ಇಲ್ಲ. ಕೆಳಗಿನ ನೇರಳೆ ಕಾಣುತ್ತಿತ್ತು. ಉಜ್ಜಿ ಮತ್ತೆ ಹೊಡೆದ. ಮಾರನೇ ದಿನವೂ ಅದೇ.

ಗುರುವಾರ ನನ್ನನ್ನು ಕರೆದ. ಕರೆಯದೆ ಏನು, ಸುತ್ತ ಮೂರು ಊರಲ್ಲಿ ಬಣ್ಣ ಹೊಡೆಯೋದರಲ್ಲಿ ನನ್ನನ್ನು ಮೀರಿಸುವವರಿಲ್ಲ. "ಕೈಯೆಣ್ಣೆ ತಾಗಿರುತ್ತೆ ಅಷ್ಟೇ, ದೆವ್ವವೂ ಇಲ್ಲ ಗಿವ್ವವೂ ಇಲ್ಲ," ಅಂತ ನಕ್ಕು, ಸ್ಪಿರಿಟ್ಟಿನಲ್ಲಿ ಒರೆಸಿ, ನಾನೇ ಹೊಡೆದೆ.

ಬಾವಿ ದಾಟಿದೆವು ಅಂದೆನಲ್ಲ... ಹಿಂದೆ ಶೆಡ್ಡಿನ ಕಡೆಯಿಂದ ಬೆಂಕಿ ಲಾರಿಯ ಬಾಗಿಲು ಬಡಿಯಿತು. ಧಡ್.

ಓಡಿದೆವು. ಬೀಗ ಹಾಕಿದ ಹಾಗೇ ಇತ್ತು. ಬೀಗ ತೆಗೆದು ಒಳಗೆ ಹೋದರೆ ಕತ್ತಲೆ. ತಡವಿದರೆ ಯಂತ್ರದ ವೈರು ಗೋಡೆಯಿಂದ ಕಿತ್ತು ಕೆಳಗೆ ಬಿದ್ದಿತ್ತು, ಆ ಪ್ಲಗ್ಗನ್ನು ನಾನೇ ಕೈಯಲ್ಲಿ ಹಿಡಿದು ನಿಂತೆ. ಯಂತ್ರದ ಹೊಟ್ಟೆಯಲ್ಲಿ ಒಂದು ಬಾಟಲಿಯೂ ಇರಲಿಲ್ಲ, ನಾವಿನ್ನೂ ತುಂಬಿಸಿರಲಿಲ್ಲ.

ಪಚಕ್... ಪಚಕ್... ಒದ್ದೆ ಬೂಟು. ಸುಟ್ಟ ಜೋಳದ ವಾಸನೆ.

ಕಟಕ್. ಗುಂಡಿ.

ಗುರ್ರ್... ಗಡಗಡ... ಠಪ್.

ಟಿಸ್ಸ್... ಆಮೇಲೆ ಗಟಗಟಗಟ, ಒಂದೇ ಉಸಿರಿಗೆ.

"ಲ್ಯಾಡ್ ಮಾವ...?" ಡ್ವೇನ್ ಪಿಸುಗುಟ್ಟಿದ.

ಮರದ ಮೇಲೆ ಗಾಜು ಇಟ್ಟ ಸದ್ದು. ಟಕ್.

ನಾನು ಹೆದರಲಿಲ್ಲ. ಟಾರ್ಚ್ ಎಲ್ಲಿ ಅಂತ ಎರಡು ನಿಮಿಷ ಹುಡುಕಿದೆ, ಅದು ನನ್ನ ಇನ್ನೊಂದು ಕೈಯಲ್ಲೇ ಇತ್ತು, ಅಷ್ಟೇ.

ಬೆಳಕು ಬಿಟ್ಟರೆ ಯಾರೂ ಇಲ್ಲ. ಪೆಟ್ಟಿಗೆಯಲ್ಲಿ ಒಂದೇ ಒಂದು ಬಾಟಲಿ, ತಲೆಕೆಳಗಾಗಿ. ನನ್ನ ಕೆಂಪಿನ ನಡುವೆ ನೇರಳೆ ಹೆಬ್ಬೆರಳು. ಡ್ವೇನ್ ಉಪ್ಪುಕಾಗದಕ್ಕೆ ಕೈ ಹಾಕಿದ. ನಾನು ಕಿತ್ತುಕೊಂಡೆ.

ಶನಿವಾರ ಲಿಬ್ಬಜ್ಜಿ ಕೋಲೂರಿಕೊಂಡು ಬಂದಳು. ಯಂತ್ರದ ಮುಂದೆ ನಿಂತಳು.

"ಕೆಂಪು ಬಳಿದು ಅವನನ್ನ ಮುಚ್ಚೋಕೆ ಹೊರಟ್ರೇನ್ರೋ?"

ಡ್ವೇನ್ ಆರನೇ ಗುಂಡಿ ತೋರಿಸಿದ. ಅಜ್ಜಿ ಆ ಗುರುತಿನ ಮೇಲೆ ತನ್ನ ಹೆಬ್ಬೆರಳಿಟ್ಟಳು, ತುಂಬ ಹೊತ್ತು. ಆಮೇಲೆ ಪೆಟ್ಟಿಗೆ ನೋಡಿದಳು.

"ಇದು ಯಾವಾಗಿನದು?"

"ಗುರುವಾರ ರಾತ್ರಿದು ಅಜ್ಜಿ... ಇಟ್ಟವರು ನಾವಲ್ಲ."

ಅವಳು ಆ ಒಂದು ಬಾಟಲಿಯನ್ನು ಬೆರಳು ಮುಟ್ಟಿ ಎಣಿಸಿದಳು.

"ಏಳು," ಅಂದಳು. "ಇನ್ನು ಬಾಗಿಲು ಹಾಕ್ಕೊಳಪ್ಪ, ಡ್ವೇನ್."

ಬಾಟಲಿ ಈಗಲೂ ಅಲ್ಲೇ ಇದೆ. ಅದರ ಬಾಯಡಿ, ಪೆಟ್ಟಿಗೆಯ ಹಲಗೆ ಮೇಲೆ ಒಂದು ನೇರಳೆ ಕಲೆ. ಸುಳ್ಳು ಅನ್ನುವವರು ಬಂದು ಮುಟ್ಟಿ ನೋಡಲಿ. ವರ್ಷವಾಯಿತು... ಇನ್ನೂ ಒದ್ದೆ.