ಅತ್ತಿಗೆಯ ಪರೀಕ್ಷೆ

ಮಗಳನ್ನು ಸಾಫ್ಟ್‌ವೇರ್ ಡೆವಲಪರ್ ಸರ್ಟಿಫಿಕೇಟ್ ಪರೀಕ್ಷೆಗೆ ಕರೆತಂದಿದ್ದ ಟೈಲರಮ್ಮ ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಪರೀಕ್ಷೆಗೆ ಬಂದಿದ್ದ ಒಬ್ಬ ಹೆಂಗಸಿನಿಂದ ಅವಳ ಮೈದುನ ಪಾಠ ಒಪ್ಪಿಸಿಕೊಳ್ಳುತ್ತಿದ್ದ. ಟೈಲರಮ್ಮನಿಗೆ ಅದರ ತಲೆಬುಡ ತಿಳಿಯದಿದ್ದರೂ ಕಿವಿ ಅತ್ತಲೇ ಇತ್ತು.

“ಅತ್ತಿಗೆ, ಒಬ್ಬ ರೋಗಿಯ ವಿವರ ಬೇಕು ಅಂದ್ರೆ ಯುಆರ್‌ಐ, ಅದೇ ವೆಬ್ ವಿಳಾಸ, ಹೇಗೆ ಬರೀತೀರಿ?”

“ಸ್ಲ್ಯಾಶ್ ಪೇಷಂಟ್ಸ್, ಇನ್ನೊಂದು ಸ್ಲ್ಯಾಶ್, ಆಮೇಲೆ ಕರ್ಲಿ ಬ್ರಾಕೆಟ್‌ನಲ್ಲಿ ಪೇಷಂಟ್ ಐಡಿ.”

“ಆ ಐಡಿ ಬಿಟ್ರೆ ನಡೆಯುತ್ತಾ?”

“ಇಲ್ಲಪ್ಪ. ಪ್ರಶ್ನೆ ಚಿಹ್ನೆ ಆದ್ಮೇಲೆ ಬರೋ ಪ್ಯಾರಾಮೀಟರ್ ಆದ್ರೆ ಬಿಡಬಹುದು. ಇದು ವಿಳಾಸದ ಪಾತ್ ಒಳಗೇ ಇರೋದು, ಬಿಡೋಕಾಗಲ್ಲ. ನಿಮ್ಮಣ್ಣ ಆಸ್ಪತ್ರೇಲಿ ಮಲಗಿಕೊಂಡೇ ಹೇಳಿಕೊಟ್ಟಿದ್ದು. ಕೈಗೆ ಕಟ್ಟಿದ್ದ ರೋಗಿ ನಂಬರಿನ ಪಟ್ಟಿ ತೋರಿಸಿ, ನನ್ನ ನಂಬರೇ ಹಾಕಿ ನೋಡು ಅಂದಿದ್ರು.”

ಮೈದುನ ತಲೆ ತಗ್ಗಿಸಿದ.

“ಅಣ್ಣ ಹೋಗಿ ಇನ್ನೂ ತಿಂಗಳಾಗಿಲ್ಲ. ಬೇರೆ ತಾರೀಖು ತಗೋಬಹುದಿತ್ತು ಅತ್ತಿಗೆ.”

“ಈಗ ಅವರ ದನಿ ಇನ್ನೂ ಕಿವೀಲಿದೆ. ಆಮೇಲೆ ಅದೂ ಹೋಗಿಬಿಟ್ರೆ?”

ಅಷ್ಟರಲ್ಲಿ ಪರೀಕ್ಷಾ ಕೇಂದ್ರದವನು ಬಾಗಿಲು ತೆಗೆದು, ಪಟ್ಟಿ ನೋಡಿ ಅವರಿಬ್ಬರತ್ತ ತಿರುಗಿ, “ಗಂಡ ಹೆಂಡತಿ ಒಟ್ಟಿಗೆ ಬುಕ್ ಮಾಡಿದ್ರಲ್ಲ, ಇಬ್ರೂ ಬನ್ನಿ,” ಎಂದು ಕರೆದ.

ಮೈದುನ ಬಾಯಿ ತೆರೆಯುವ ಮೊದಲೇ ಅವಳು ಎದ್ದಳು.

“ಒಬ್ಬಳೇ ಬಂದಿದ್ದೀನಿ ಸರ್,” ಎಂದು ಕಣ್ಣೊರೆಸಿಕೊಂಡು ಒಳಗೆ ಹೋದಳು.

ಮೈದುನ ಮುಖ ಮರೆಸಿಕೊಂಡು ಮೆಟ್ಟಿಲಿಳಿದ.