ಪುಡಿ ಬೆರೆಸಿದ ಲೇಪ

ಹಲ್ಲಿನ ಆಸ್ಪತ್ರೆಯ ಬೆಂಚಿನ ಮೇಲೆ ಕೆನ್ನೆ ಹಿಡಿದುಕೊಂಡು ಕೂತಿದ್ದೆ. ಹಲ್ಲು ನೋಯುವಾಗಲೂ ಕಿವಿ ಮಾತ್ರ ಸುಮ್ಮನಿರುವುದಿಲ್ಲ. ಪಕ್ಕದಲ್ಲಿ ಗುರುತಿಲ್ಲದ ಇಬ್ಬರು ಹೆಂಗಸರು, ಅಕ್ಕ ತಂಗಿ. ತಂಗಿಯ ಒಂಬತ್ತು ವರ್ಷದ ಮಗಳನ್ನು ಹುಳುಕು ಹಲ್ಲು ಕೀಳಲು ಆಗಷ್ಟೇ ಒಳಗೆ ಕರೆದಿದ್ದರು.

“ಹಾಲುಹಲ್ಲು ತಾನೇ? ಮತ್ತೆ ಬರುತ್ತೆ ಬಿಡೇ.”

“ಇಲ್ಲ ಅಕ್ಕ, ಆರನೇ ವರ್ಷಕ್ಕೆ ಬಂದ ಶಾಶ್ವತ ದವಡೆ ಹಲ್ಲು. ಹೋದ್ರೆ ಹೋಯ್ತು.”

“ಹಲ್ಲು ಹುಳುಕಾಗದಿರೋಕೆ ಬಳಿಯೋ ಲೇಪನ ಲ್ಯಾಬಲ್ಲಿ ಮಾಡೋಳೇ ನೀನು. ದೀಪದ ಬುಡದಲ್ಲೇ ಕತ್ತಲು ಅನ್ನೋ ಹಾಗಾಯ್ತಲ್ಲೇ.”

“ಈಗ ಸಿಗೋ ಲೇಪ ಬೇಗ ಸವೆದು ಹೋಗುತ್ತೆ ಅಕ್ಕ. ಬಾಳಿಕೆ ಬರ್ಲಿ ಅಂತ ನಾವು ಅದಕ್ಕೆ ಖನಿಜದ ಪುಡಿ ಬೆರೆಸಿ ನೋಡ್ತಿದ್ವಿ. ಇವಳಿಗೆ ಆ ಹೊಸದನ್ನೇ ಹಾಕಿಸೋಣ ಅಂತ ಕಾದೆ.”

“ಎಷ್ಟು ದಿನ?”

“ಆರು ತಿಂಗಳು ಅಂದ್ಕೊಂಡಿದ್ವಿ. ಪುಡಿ ಜಾಸ್ತಿಯಾದ್ರೆ ಲೇಪ ಮಂದವಾಗಿ ಹಲ್ಲಿನ ಸಂದಿಗೆ ಇಳೀತಿರಲಿಲ್ಲ. ಕಡಿಮೆಯಾದ್ರೆ ಹಾಕಿದ್ದೇ ದಂಡ. ಮೂರು ವರ್ಷ ಹೀಗೇ ಎಳೀತು.”

“ಅಲ್ಲೀವರೆಗೆ ಹಳೇದನ್ನೇ ಬಳಿಸಬಹುದಿತ್ತಲ್ಲ?”

“ಬಳಿಸಬಹುದಿತ್ತು. ಹತ್ತು ನಿಮಿಷದ ಕೆಲಸ ಅಕ್ಕ.”

ಅಕ್ಕ ಬೆಂಚಿನ ಕೆಳಗಿದ್ದ ಮಗುವಿನ ಚಪ್ಪಲಿಯನ್ನು ಜೋಡಿಸಿಟ್ಟರು.

ಬಾಗಿಲು ತೆರೆದು ನರ್ಸ್ ಬಂದಳು. ಕೈಯಲ್ಲಿ ಪುಟ್ಟ ಡಬ್ಬಿ.

“ಮೇಡಂ, ಮಗಳು ಅಳಲೇ ಇಲ್ಲ, ಗಟ್ಟಿಗಿತ್ತಿ. ಕಿತ್ತ ಹಲ್ಲೆಲ್ಲ ನಿಮ್ಮ ಲ್ಯಾಬಿಗೇ ಕಳಿಸ್ತೀವಲ್ಲ, ಲೇಪ ಹಾಕಿ ನೋಡೋಕೆ. ಇದನ್ನೂ ಅದರ ಜೊತೆ ಸೇರಿಸ್ಲಾ?”

“ಬೇಡಮ್ಮ, ಇಲ್ಲಿ ಕೊಡು. ಇದಕ್ಕೆ ಹಾಕಬೇಕಾಗಿದ್ದು ಬಾಯಲ್ಲಿದ್ದಾಗ.”

ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದು ತಂಗಿ ಒಳಗೆ ಹೋದರು. ಮಗುವಿನ ಚಪ್ಪಲಿ ಎತ್ತಿಕೊಂಡು ಅಕ್ಕ ಹಿಂದೆ ನಡೆದರು.