ಅತ್ತೆ ನುಂಗದ ಮಾತ್ರೆ

ಔಷಧಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅತ್ತೆ, ಸೊಸೆ ನಿಂತಿದ್ದರು. ಅತ್ತೆಯ ಮುರಿದ ಮುಂಗೈಗೆ ಪಟ್ಟಿ ಹಾಕಿತ್ತು.

"ಮೂಳೆ ಗಟ್ಟಿಯಾಗ್ಲಿ ಅಂತ ತಂದುಕೊಟ್ಟ ಕ್ಯಾಪ್ಸೂಲ್ ನೀವು ನುಂಗ್ತಾನೇ ಇರ್ಲಿಲ್ಲ, ಅಲ್ವಾ ಅತ್ತೆ?"

"ಅದರ ಸಿಪ್ಪೆ ಜೆಲಟಿನ್ ಅಂತೆ, ಮೂಳೆ-ಚರ್ಮ ಬೇಯಿಸಿ ಮಾಡೋದು. ಯಾವ ಪ್ರಾಣೀದೋ ಏನೋ. ಹಂದೀದಾದ್ರೆ ಹರಾಮು."

"ನನಗೊಂದು ಮಾತು ಹೇಳ್ಬಾರದಿತ್ತಾ?"

"ಅಷ್ಟು ಪ್ರೀತಿಯಿಂದ ತಂದಿದ್ದೆ. ನಿನ್ನ ಮನಸ್ಸು ಯಾಕೆ ನೋಯಿಸ್ಲಿ ಅಂತ ಸುಮ್ಮನಾದೆ."

"ಅದಕ್ಕೆ ಕೈ ನೋಯಿಸ್ಕೊಂಡ್ರಿ."

ಅತ್ತೆಗೆ ನಗು ತಡೆಯಲಾಗಲಿಲ್ಲ. ಸೊಸೆ ಕಪಾಟಿನಿಂದ ಒಂದು ಡಬ್ಬಿ ತೆಗೆದು ತಿರುಗಿಸಿ ತೋರಿಸಿದಳು.

"ಇಲ್ಲಿದೆ ನೋಡಿ ಹಲಾಲ್ ಮುದ್ರೆ. ಸಿಪ್ಪೆ ಗಿಡದಿಂದ ಮಾಡಿದ್ದು. ಒಳಗಿನ ವಿಟಮಿನ್ ಕುರಿ ಉಣ್ಣೆಯ ಜಿಡ್ಡಿಂದ. ತುಂಬಿದ್ದ ಹಳೇ ಡಬ್ಬಿ ನೋಡಿದಾಗ್ಲೇ ಊಹಿಸ್ದೆ, ಕಂಪನಿಗೇ ಫೋನ್ ಮಾಡಿ ಕೇಳಿದ್ದೀನಿ."

"ಕುರೀನ ಸರಿಯಾಗಿ ಹಲಾಲ್ ಮಾಡಿರ್ತಾರಾ?"

"ಕೊಯ್ಯೋದೇ ಇಲ್ಲ ಅತ್ತೆ. ಉಣ್ಣೆ ಕತ್ತರಿಸ್ಕೊಂಡು ಮೇಯೋಕೆ ಬಿಡ್ತಾರೆ."

ಅತ್ತೆ ಡಬ್ಬಿಯನ್ನು ಕಣ್ಣಿನ ಹತ್ತಿರ ಹಿಡಿದು ಮುದ್ರೆಯನ್ನು ನೋಡಿದರು.

"ಹಾಗಾದ್ರೆ ಇನ್ನೊಂದು ಡಬ್ಬಿ ತಗೋ."

"ಯಾರಿಗೆ?"

"ನಿನಗೆ. ಮೆಟ್ಟಿಲು ಇಳಿಯುವಾಗ ನಿನ್ನ ಮಂಡಿ ಲಟಕ್ ಅನ್ನುತ್ತೆ. ನಾನೇನು ಕಿವುಡೀನಾ?"

"ಇದನ್ನೂ ನೀವು ನನಗೆ ಹೇಳ್ಲೇ ಇಲ್ಲ."

"ಈಗ ಹೇಳಿದ್ನಲ್ಲ."

ಸೊಸೆ ಇನ್ನೊಂದು ಡಬ್ಬಿ ತೆಗೆದುಕೊಂಡಳು. ಹೊರಗೆ ಮೆಟ್ಟಿಲು ಇಳಿಯುವಾಗ ಅತ್ತೆ ಪಟ್ಟಿಯಿಲ್ಲದ ತಮ್ಮ ಗಟ್ಟಿ ಕೈಯನ್ನು ಅವಳ ಆಸರೆಗೆ ಕೊಟ್ಟರು.